ಕಡಿಮೆಯಾದರೂ ಹೇಳಿ, ಹೆಚ್ಚಾದರೂ ಹೇಳಿ



ಜೀವನಾಂಶದ ಬಗ್ಗೆ ನಮ್ಮಲ್ಲಿ ಸಾಕಷ್ಟು ಚರ್ಚೆಯಾಗಿದೆ. ವಿಚ್ಛೇದಿತೆಗೆ ಕೊಡಬೇಕೇ ಬೇಡವೇ, ಎಷ್ಟು ಕಾಲ ಕೊಡಬೇಕು, ಯಾರು ಕೊಡಬೇಕು ಎಂದು ಸಭೆಗಳಲ್ಲಿ ಮಾತನಾಡಿದ್ದೇವೆ, ಪತ್ರಿಕೆಗಳಲ್ಲಿ ಓದಿದ್ದೇವೆ. ಆದರೆ ಆದೇಶ ಕೈಗೆ ಬಂದ ಮೇಲಿನ ಬದುಕಿನ ಬಗ್ಗೆ ಮಾತನಾಡುವವರು ಕಡಿಮೆ. ತಿಂಗಳಿಗೆ ಇಷ್ಟು ರೂಪಾಯಿ ಎಂದು ಕೋರ್ಟು ಬರೆದ ದಿನ ತೊಡೆಯ ಮೇಲಿದ್ದ ಮಗು ಐದನೇ ತರಗತಿಗೆ ಬಂದಿರುತ್ತದೆ. ಅಕ್ಕಿ, ಗ್ಯಾಸು, ಔಷಧಿಯ ಬೆಲೆ ಏರಿರುತ್ತದೆ. ಕೊಡುವವನ ಸಂಪಾದನೆಯೂ ಏರಿರುತ್ತದೆ ಅಥವಾ ಇಳಿದಿರುತ್ತದೆ. ಕಾಗದದ ಮೇಲಿನ ಅಂಕಿ ಮಾತ್ರ ಇದ್ದಲ್ಲೇ ಇರುತ್ತದೆ. ಈ ಏರಿಳಿತವನ್ನು ಯಾರಿಗೆ, ಯಾವಾಗ, ಹೇಗೆ ತಿಳಿಸಬೇಕು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿದೆ?

ನಾನು ಕುಣಿಗಲ್ ತಾಲೂಕಿನ ಕೊತ್ತಗೆರೆಯವಳು. ವಕೀಲೆಯಲ್ಲ. ಮನೆಮಾತು ಉರ್ದುವಾದರೂ ನಾನು ಓದಿದ್ದು ಕನ್ನಡ ಶಾಲೆಯಲ್ಲಿ. ಆದ್ದರಿಂದ ಸುತ್ತಮುತ್ತಲಿನ ಹೆಣ್ಣುಮಕ್ಕಳು ಬ್ಯಾಂಕಿನ ಚೀಟಿ, ರೇಷನ್ ಕಾರ್ಡಿನ ಅರ್ಜಿ, ಕೋರ್ಟಿನ ನೋಟೀಸು ಯಾವುದೇ ಬಂದರೂ "ಆಪಾ, ಇದರಲ್ಲಿ ಏನು ಬರೆದಿದೆ ನೋಡಿ" ಎಂದು ತರುತ್ತಾರೆ. ಹೀಗೆ ಓದುತ್ತಾ ಓದುತ್ತಾ, ತಿಳಿಯದ್ದನ್ನು ವಕೀಲರ ಬಳಿ ಕೇಳುತ್ತಾ ಕಲಿತದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಎಲ್ಲದಕ್ಕೂ ಮೊದಲು ಹೇಳಬೇಕಾದ ಮಾತು ಒಂದೇ. ಜೀವನಾಂಶದ ಆದೇಶ ಬದಲಾಗಬಲ್ಲದು, ಆದರೆ ತಾನಾಗಿಯೇ ಬದಲಾಗುವುದಿಲ್ಲ. ಯಾರಾದರೂ ಹೋಗಿ ಹೇಳಬೇಕು.

ಕಾನೂನು ಏನು ಹೇಳುತ್ತದೆ?

125ನೇ ಕಲಮು ಎಂಬ ಹೆಸರನ್ನು ನೀವೆಲ್ಲ ಕೇಳಿದ್ದೀರಿ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಿದೆ. ಹಳೆಯ 125ನೇ ಕಲಮು ಇಲ್ಲಿ 144 ಆಗಿದೆ. ಹಳೆಯ 127ನೇ ಕಲಮು 146 ಆಗಿದೆ. ನಮ್ಮ ಇಂದಿನ ವಿಷಯ ಈ 146ನೆಯದು. ಕೊಡುವವರ ಅಥವಾ ಪಡೆಯುವವರ ಪರಿಸ್ಥಿತಿ ಬದಲಾಗಿದೆ ಎಂದು ಸಾಬೀತಾದರೆ ನ್ಯಾಯಾಲಯವು ಜೀವನಾಂಶದ ಮೊತ್ತವನ್ನು ಹೆಚ್ಚಿಸಬಹುದು ಅಥವಾ ಕಡಿಮೆ ಮಾಡಬಹುದು ಎಂದು ಅದು ಹೇಳುತ್ತದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಸಿಕ್ಕ ಆದೇಶಕ್ಕೂ ಆ ಕಾಯ್ದೆಯ 25ನೇ ಕಲಮಿನಲ್ಲಿ ಇದೇ ದಾರಿ ಇದೆ.

"ಇದೆಲ್ಲ ನಮಗೆ ಅನ್ವಯಿಸುತ್ತದೆಯೇ?" ಎಂದು ಕೇಳುವವರಿದ್ದಾರೆ. 1985ರಲ್ಲಿ ಇಂದೋರಿನ ಶಾ ಬಾನೋ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿದ ಮೊತ್ತ ತಿಂಗಳಿಗೆ ಕೇವಲ 179 ರೂಪಾಯಿ 20 ಪೈಸೆ. ಮೊದಲು ಮ್ಯಾಜಿಸ್ಟ್ರೇಟರು ಕೊಟ್ಟದ್ದು 25 ರೂಪಾಯಿ. ಅನಂತರ 1986ರ ಕಾಯ್ದೆ ಬಂತು. 2001ರಲ್ಲಿ ಡೇನಿಯಲ್ ಲತೀಫಿ ಪ್ರಕರಣದ ತೀರ್ಪು ಬಂತು. ಮಾಜಿ ಪತಿಯು ವಿಚ್ಛೇದಿತೆಯ ಮುಂದಿನ ಬದುಕಿಗೂ ಸಾಕಾಗುವ ನ್ಯಾಯಯುತ ಏರ್ಪಾಡನ್ನು ಇದ್ದತ್‌ನ ಅವಧಿಯೊಳಗೆ ಮಾಡಿಕೊಡಬೇಕು ಎಂದು ಅದು ಹೇಳಿತು. 2024ರ ಜುಲೈ 10ರಂದು ತೆಲಂಗಾಣದ ಮುಹಮ್ಮದ್ ಅಬ್ದುಲ್ ಸಮದ್ ಪ್ರಕರಣದಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಆಗಸ್ಟಿನ್ ಜಾರ್ಜ್ ಮಸೀಹ್ ಅವರ ಪೀಠವು, ವಿಚ್ಛೇದಿತ ಮುಸ್ಲಿಮ್ ಮಹಿಳೆಗೂ 125ನೇ ಕಲಮಿನ ದಾರಿ ತೆರೆದಿದೆ ಎಂದು ಸ್ಪಷ್ಟಪಡಿಸಿತು.

ಮಕ್ಕಳ ವಿಷಯವಂತೂ ಇನ್ನೂ ಮೊದಲೇ ಇತ್ಯರ್ಥವಾಗಿದೆ. ಬಿಹಾರದ ನೂರ್ ಸಬಾ ಖಾತೂನ್ ಅವರ ಮೂವರು ಮಕ್ಕಳಿಗೆ ತಲಾ 150 ರೂಪಾಯಿ ಜೀವನಾಂಶ ಮಂಜೂರಾಗಿತ್ತು. ತಲಾಕ್ ಕೊಟ್ಟ ಮೇಲೆ ಪತಿ ಆದೇಶವನ್ನು ಬದಲಿಸಲು ಕೋರಿದರು. ಮಕ್ಕಳಿಗೆ ಎರಡು ವರ್ಷದ ತನಕ ಮಾತ್ರ ಕೊಟ್ಟರೆ ಸಾಕು ಎಂದು ಹೈಕೋರ್ಟ್ ಹೇಳಿತು. 1997ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಮಕ್ಕಳು ಪ್ರಾಯಕ್ಕೆ ಬರುವ ತನಕ, ಹೆಣ್ಣುಮಕ್ಕಳಾದರೆ ಮದುವೆಯಾಗುವ ತನಕ ಪೋಷಿಸುವುದು ಅನುಕೂಲವುಳ್ಳ ಮುಸ್ಲಿಮ್ ತಂದೆಯ ಹೊಣೆ ಎಂದು ತೀರ್ಪು ಕೊಟ್ಟಿತು. ತಾಯಿಗೆ ತಲಾಕ್ ಕೊಡಬಹುದು, ಮಕ್ಕಳಿಗೆ ತಲಾಕ್ ಕೊಡಲಾಗುವುದಿಲ್ಲವಷ್ಟೆ!

ಸಂಪಾದನೆ ಹೆಚ್ಚಾದಾಗ

ನನ್ನ ತಂಗಿಯ ಮಗಳಿಗೆ ಇಬ್ಬರು ಮಕ್ಕಳು. ಆದೇಶವಾದಾಗ ಅವರ ತಂದೆ ಬೇರೆಯವರ ಲಾರಿಯಲ್ಲಿ ದಿನಗೂಲಿಯ ಡ್ರೈವರ್. ಮಗುವೊಂದಕ್ಕೆ ತಿಂಗಳಿಗೆ 2,000 ರೂಪಾಯಿ ಎಂದು ತೀರ್ಮಾನವಾಯಿತು. ಅಂದಿನ ಮಟ್ಟಿಗೆ ಅದು ಅನ್ಯಾಯವೇನೂ ಆಗಿರಲಿಲ್ಲ. ಆರು ವರ್ಷಗಳಲ್ಲಿ ಅವರು ಸ್ವಂತಕ್ಕೆ ಎರಡು ಗೂಡ್ಸ್ ಗಾಡಿ ಮಾಡಿಕೊಂಡರು. ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಗೆ ತರಕಾರಿ ಸಾಗಿಸುವ ಕೆಲಸ. ಒಂದು ಗಾಡಿಯ ಮುಂದೆ ಮಗಳ ಹೆಸರನ್ನೇ ಬರೆಸಿದ್ದರು. ಆ ಮಗಳ ಶಾಲೆಯ ಫೀಸು ಎರಡು ಕಂತು ಬಾಕಿಯಿತ್ತು.

"ಹೋಗಿ ಕೇಳು" ಎಂದರೆ ಅವಳು ಹೆದರುತ್ತಿದ್ದಳು. "ಖಾಲಾ, ಕೋರ್ಟಿನವರು ಬರೆದದ್ದು ಬರೆದಾಯಿತು. ಮತ್ತೆ ಕೇಳಲು ಹೋದರೆ ಇರುವುದನ್ನೂ ನಿಲ್ಲಿಸಿಬಿಟ್ಟರೆ?" ಎನ್ನುತ್ತಿದ್ದಳು. ಈ ಹೆದರಿಕೆ ಅವಳೊಬ್ಬಳದ್ದಲ್ಲ. ನನ್ನ ಬಳಿ ಕಾಗದ ತಂದ ಹೆಚ್ಚಿನವರಲ್ಲಿ ನಾನು ಇದನ್ನೇ ಕಂಡಿದ್ದೇನೆ. ಅರ್ಜಿ ಹಾಕಿದ ಮಾತ್ರಕ್ಕೆ ಹಳೆಯ ಆದೇಶ ರದ್ದಾಗುವುದಿಲ್ಲ. ಹೊಸ ಆದೇಶ ಬರುವ ತನಕ ಹಳೆಯ ಮೊತ್ತವನ್ನು ಕೊಡಲೇಬೇಕು.

ಕೊನೆಗೆ ಅವಳು ಶಾಲೆಯ ಫೀಸಿನ ರಶೀದಿಗಳು, ಮಗನ ಔಷಧಿಯ ಚೀಟಿಗಳು, ಗಾಡಿಗಳ ನೋಂದಣಿ ಸಂಖ್ಯೆ ಇವಿಷ್ಟನ್ನು ಹಿಡಿದು ಅರ್ಜಿ ಹಾಕಿದಳು. ಇಬ್ಬರೂ ಆದಾಯ, ಆಸ್ತಿ, ಸಾಲದ ವಿವರವನ್ನು ಪ್ರಮಾಣ ಮಾಡಿ ಬರೆದುಕೊಡಬೇಕಾಯಿತು. ಗಾಡಿಗಳ ಸಾಲದ ಕಂತನ್ನು ಅವರೂ ತೋರಿಸಿದರು. ಅದು ಸುಳ್ಳಾಗಿರಲಿಲ್ಲ. ಎಲ್ಲವನ್ನೂ ತೂಗಿ ನೋಡಿ ಮಗುವೊಂದಕ್ಕೆ 4,500 ರೂಪಾಯಿ ಎಂದು ಆದೇಶವಾಯಿತು. ಸುಮಾರು ಹದಿನಾಲ್ಕು ತಿಂಗಳು ಓಡಾಡಬೇಕಾಯಿತು ನಿಜ. ಆದರೆ ಅರ್ಜಿ ಹಾಕಿದ ದಿನದಿಂದಲೇ ಹೊಸ ಮೊತ್ತ ಲೆಕ್ಕಕ್ಕೆ ಬಂತು.

ಈ ಪ್ರಮಾಣಪತ್ರದ ವಿಷಯವನ್ನು ನೀವು ಚೆನ್ನಾಗಿ ತಿಳಿದಿರಬೇಕು. 2020ರ ನವೆಂಬರ್ 4ರಂದು ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಒಂದು ಪದ್ಧತಿಯನ್ನು ಹಾಕಿಕೊಟ್ಟಿತು. ಜೀವನಾಂಶದ ಮೊಕದ್ದಮೆಯಲ್ಲಿ ಇಬ್ಬರೂ ತಮ್ಮ ಆದಾಯ, ಖರ್ಚು, ಆಸ್ತಿ, ಸಾಲಗಳನ್ನು ನಿಗದಿತ ನಮೂನೆಯ ಅಫಿಡವಿಟ್ಟಿನಲ್ಲಿ ಸಲ್ಲಿಸಬೇಕು. ಮೊಕದ್ದಮೆ ನಡೆಯುತ್ತಿರುವಾಗಲೇ ಯಾರದಾದರೂ ಆರ್ಥಿಕ ಸ್ಥಿತಿ ಬದಲಾದರೆ ಅಥವಾ ಹೊಸ ಮಾಹಿತಿ ಸಿಕ್ಕಿದರೆ ಇನ್ನೊಂದು ಪೂರಕ ಅಫಿಡವಿಟ್ಟನ್ನು ಕೊಡಬಹುದು. ಬೇಕೆಂದೇ ಸುಳ್ಳು ಬರೆದರೆ ಅದಕ್ಕೆ ಪ್ರತ್ಯೇಕ ಕ್ರಮವಿದೆ. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಿಸಬೇಕು ಎಂದೂ ಆ ತೀರ್ಪು ಹೇಳಿದೆ. ಈ ಪದ್ಧತಿ ಸರಿಯಾಗಿ ಪಾಲನೆಯಾಗುತ್ತಿಲ್ಲವೆಂದು 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಎಚ್ಚರಿಸಿತು. ಆದ್ದರಿಂದ "ಅಫಿಡವಿಟ್ ಹಾಕಿದ್ದಾರೆಯೇ?" ಎಂದು ನಿಮ್ಮ ವಕೀಲರನ್ನು ನೀವೇ ಕೇಳಿ. ಕೇಳುವುದು ನಿಮ್ಮ ಹಕ್ಕು.

ಸಂಪಾದನೆ ಕಡಿಮೆಯಾದಾಗ

ಈಗ ನಾಣ್ಯದ ಇನ್ನೊಂದು ಮುಖವನ್ನು ನೋಡೋಣ. ನಮಗೆ ಹೆಣ್ಣುಮಕ್ಕಳಿರುವಂತೆ ಗಂಡುಮಕ್ಕಳೂ ಇದ್ದಾರಲ್ಲವೇ?

ನಮ್ಮ ಪರಿಚಯದ ಒಬ್ಬ ಖಾಲಾ ಇದ್ದಾರೆ. ಅವರ ಮಗ ಬೆಂಗಳೂರಿನ ಪೀಣ್ಯದ ಕಡೆ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದ. ವಿಚ್ಛೇದನವಾದ ಮೇಲೆ ತಿಂಗಳಿಗೆ 5,000 ರೂಪಾಯಿಯನ್ನು ತಪ್ಪದೆ ಕಳುಹಿಸುತ್ತಿದ್ದ. ಒಂದು ದಿನ ಕೈ ಮುರಿಯಿತು, ಕೆಲಸ ಹೋಯಿತು. ಮನೆಯಲ್ಲಿ ಕುಳಿತ. ಹಣ ಕಳುಹಿಸುವುದೂ ನಿಂತಿತು. ಮಗುವಿನ ತಾಯಿಗೆ ಒಂದು ಫೋನ್ ಇಲ್ಲ, ವಕೀಲರಿಗೆ ಒಂದು ಮಾತಿಲ್ಲ. "ಕೈಯೇ ಮುರಿದಿದೆ, ಇದನ್ನು ಯಾರು ತಾನೇ ನೋಡುತ್ತಿಲ್ಲ?" ಎಂಬುದು ಅವನ ಲೆಕ್ಕ. ಏಳು ತಿಂಗಳು ಕಳೆಯಿತು. ಬಾಕಿ 35,000 ರೂಪಾಯಿ. ವಾರಂಟ್ ಬಂದಾಗ ಮನೆಯಲ್ಲಿ ಗೋಳೋ ಎಂದು ಅಳು. ಖಾಲಾ ತಮ್ಮ ಕಿವಿಯ ಒಡವೆ ಮಾರಿ ಹಣ ಕಟ್ಟಿದರು.

ಆ ಕಡೆಯ ಮನೆಯಲ್ಲಿ ಏನಾಗಿತ್ತು ಎಂಬುದೂ ನನಗೆ ಗೊತ್ತು. ಆ ತಾಯಿ ಏಳು ತಿಂಗಳು ಅಣ್ಣಂದಿರ ಮುಂದೆ ಕೈಚಾಚಿದ್ದಳು. ಕೈ ಮುರಿದ ಸುದ್ದಿ ಅವಳಿಗೆ ತಿಳಿದದ್ದು ಬಹಳ ತಡವಾಗಿ. "ಮೊದಲೇ ಹೇಳಿದ್ದರೆ ನಾನೇನು ಕಲ್ಲಿನ ಮನಸ್ಸಿನವಳೇ?" ಎಂದು ಅವಳು ಕೇಳಿದ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಕೈ ಮುರಿದ ಮೊದಲ ತಿಂಗಳಲ್ಲೇ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಕೆಲಸ ಬಿಡಿಸಿದ ಪತ್ರ, ಬ್ಯಾಂಕ್ ಪಾಸ್‌ಬುಕ್ ಇಟ್ಟು ಒಂದು ಅರ್ಜಿ ಹಾಕಿದ್ದರೆ, ಗುಣವಾಗುವ ತನಕ ಕಡಿಮೆ ಮಾಡಿಕೊಡಿ ಎಂದು ಕೇಳಬಹುದಿತ್ತು. ಕೈಲಾದ ಸಾವಿರ ರೂಪಾಯಿಯನ್ನಾದರೂ ಕಳುಹಿಸುತ್ತಿದ್ದರೆ ಅವನ ಒಳ್ಳೆಯ ಮನಸ್ಸು ಎಲ್ಲರಿಗೂ ಕಾಣುತ್ತಿತ್ತು. ಸುಮ್ಮನಿದ್ದರೆ ಹಳೆಯ ಆದೇಶದ ಪ್ರಕಾರ ಬಾಕಿ ಬೆಳೆಯುತ್ತಲೇ ಹೋಗುತ್ತದೆ. ಕೊಡದಿದ್ದರೆ ಒಂದೊಂದು ತಿಂಗಳ ಬಾಕಿಗೂ ಒಂದು ತಿಂಗಳ ತನಕ ಜೈಲಿಗೆ ಕಳುಹಿಸಲು ಕಾನೂನಿನಲ್ಲಿ ಅವಕಾಶವಿದೆ. ಜೈಲಿಗೆ ಹೋಗಿ ಬಂದರೂ ಬಾಕಿ ಅಳಿಸಿ ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಪಡೆಯುವವರಿಗೂ ಒಂದು ಎಚ್ಚರಿಕೆ ಇದೆ. ಈ ರೀತಿ ವಾರಂಟ್ ಮೂಲಕ ವಸೂಲಿ ಮಾಡಲು ಹಣ ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು.

ಹಾಗೆಂದು ಆದಾಯ ಇಳಿದಿದೆ ಎಂದ ಕೂಡಲೇ ಕೋರ್ಟು ಒಪ್ಪಿಬಿಡುತ್ತದೆ ಎಂದೇನಿಲ್ಲ. ಲಖನೌದ ಶಮೀಮಾ ಫಾರೂಕಿ ಅವರು 1998ರಲ್ಲಿ ಜೀವನಾಂಶಕ್ಕೆ ಅರ್ಜಿ ಹಾಕಿದ್ದರು. ವರ್ಷಾನುಗಟ್ಟಲೆ ಕಾದ ಮೇಲೆ ಕೌಟುಂಬಿಕ ನ್ಯಾಯಾಲಯ ತಿಂಗಳಿಗೆ 4,000 ರೂಪಾಯಿ ಎಂದು ನಿಗದಿ ಮಾಡಿತು. ಪತಿ ಸೈನ್ಯದಲ್ಲಿದ್ದವರು. ಅವರು ನಿವೃತ್ತರಾದರೆಂಬ ಕಾರಣಕ್ಕೆ ಹೈಕೋರ್ಟ್ ಅದನ್ನು 2,000ಕ್ಕೆ ಇಳಿಸಿತು. 2015ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಮತ್ತೆ 4,000 ರೂಪಾಯಿಯನ್ನೇ ಎತ್ತಿ ಹಿಡಿಯಿತು. ನಿವೃತ್ತಿಯೊಂದೇ ಜೀವನಾಂಶವನ್ನು ಅರ್ಧಕ್ಕಿಳಿಸಲು ಸಾಕಾಗುವ ಕಾರಣವಲ್ಲ ಎಂಬುದು ಅದರ ಸಾರ. ದುಡಿಯುವ ಶಕ್ತಿಯಿದ್ದವನು ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು 2022ರಲ್ಲಿ ಅಂಜು ಗರ್ಗ್ ಪ್ರಕರಣದಲ್ಲೂ ಅದೇ ನ್ಯಾಯಾಲಯ ಹೇಳಿತು. ನಿಜವಾದ ಕಷ್ಟವಿರುವವನಿಗೆ ದಾರಿ ಇದೆ. ಕಷ್ಟದ ನೆಪ ಹೂಡುವವನಿಗೆ ದಾರಿ ಇಕ್ಕಟ್ಟು.

ನಾವೇ ದುಡಿಯತೊಡಗಿದಾಗ

ಇಂದು ನಮ್ಮ ಹಳ್ಳಿಗಳಿಂದಲೂ ಎಷ್ಟೋ ಹೆಣ್ಣುಮಕ್ಕಳು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಸೇರುವಾಗ ಕತ್ತಲಾಗಿರುತ್ತದೆ. ಇಂತಹ ಒಬ್ಬ ಸಹೋದರಿಗೆ ಯಾರೋ ತಿಳಿಯದವರು "ಕೆಲಸಕ್ಕೆ ಹೋಗುವುದನ್ನು ಕೋರ್ಟಿನಲ್ಲಿ ಹೇಳಬೇಡ, ಜೀವನಾಂಶ ನಿಂತುಹೋಗುತ್ತದೆ" ಎಂದು ಹೇಳಿಕೊಟ್ಟರು. ಅವಳು ಆದಾಯವೇ ಇಲ್ಲವೆಂದು ಪ್ರಮಾಣ ಮಾಡಿದಳು. ಪಾಟಿ ಸವಾಲಿನಲ್ಲಿ ಬ್ಯಾಂಕ್ ಖಾತೆಯ ವಿವರ ಹೊರಗೆ ಬಂತು. ತಿಂಗಳು ತಿಂಗಳು ಸಂಬಳ ಜಮೆಯಾಗಿತ್ತು. ಅಲ್ಲಿಂದ ಮುಂದೆ ಅವಳು ಹೇಳಿದ ಮನೆ ಬಾಡಿಗೆ, ತಾಯಿಯ ಸಕ್ಕರೆ ಕಾಯಿಲೆಯ ಖರ್ಚು ಎಲ್ಲದರ ಮೇಲೂ ಅನುಮಾನ ಬಂತು. ಅವೆಲ್ಲ ನಿಜವಾಗಿದ್ದವು!

ಸಹೋದರಿಯರೇ, ಹೆಂಡತಿ ದುಡಿಯುತ್ತಾಳೆ ಎಂಬ ಒಂದೇ ಕಾರಣಕ್ಕೆ ಜೀವನಾಂಶ ನಿಲ್ಲುವುದಿಲ್ಲ ಎಂದು ರಜನೇಶ್ ತೀರ್ಪಿನಲ್ಲೇ ಹೇಳಿದೆ. ಅವಳ ಸಂಪಾದನೆ ಅವಳ ಬದುಕಿಗೆ ಸಾಕಾಗುತ್ತದೆಯೇ ಎಂದು ನೋಡುತ್ತಾರೆ. ಮಗುವಿನ ಪಾಲಂತೂ ತಾಯಿ ದುಡಿದ ಮಾತ್ರಕ್ಕೆ ರದ್ದಾಗುವುದಿಲ್ಲ. ಹಾಗಿರುವಾಗ ಬೆವರು ಸುರಿಸಿ ಗಳಿಸಿದ ಹಲಾಲ್ ಸಂಬಳವನ್ನು ಕಳ್ಳತನದ ಹಣದಂತೆ ಏಕೆ ಬಚ್ಚಿಡಬೇಕು? ವಿಚ್ಛೇದಿತೆ ಮರುಮದುವೆಯಾದರೂ ಅದನ್ನು ತಿಳಿಸಬೇಕು. ಆಗ ಅವಳ ಪಾಲಿನ ಜೀವನಾಂಶ ಮುಗಿಯುತ್ತದೆ. ಮಕ್ಕಳ ಪಾಲು ಮುಂದುವರಿಯುತ್ತದೆ.

ಧರ್ಮದ ತಕ್ಕಡಿ

ಪವಿತ್ರ ಕುರ್‌ಆನಿನ ಅತ್ತಲಾಕ್ ಅಧ್ಯಾಯದ 7ನೇ ಸೂಕ್ತವನ್ನು ಒಮ್ಮೆ ತೆರೆದು ನೋಡಿ. ಅನುಕೂಲವಿದ್ದವನು ತನ್ನ ಅನುಕೂಲಕ್ಕೆ ತಕ್ಕಂತೆ, ಬಡವನು ಅಲ್ಲಾಹನು ಕೊಟ್ಟದ್ದರಲ್ಲಿ ಖರ್ಚು ಮಾಡಬೇಕೆಂಬುದು ಅದರ ಆಶಯ. ಅಂದರೆ ಖರ್ಚಿನ ಹೊಣೆ ಸಂಪಾದನೆಯ ಜೊತೆಗೆ ಏರುತ್ತದೆ, ಇಳಿಯುತ್ತದೆ. ಇಂದಿನ 146ನೇ ಕಲಮು ಹೇಳುವುದಕ್ಕೂ ಇದಕ್ಕೂ ಎಷ್ಟು ಹತ್ತಿರವಿದೆ ನೋಡಿ!

ಪ್ರವಾದಿ ಮುಹಮ್ಮದ್(ಸ)ರ ಬಳಿ ಹಿಂದ್ ಬಿನ್ತ್ ಉತ್ಬಾ ಬಂದು, ತನ್ನ ಪತಿ ಅಬೂ ಸುಫ್ಯಾನ್ ಜಿಪುಣ, ತನಗೂ ಮಕ್ಕಳಿಗೂ ಸಾಕಾಗುವಷ್ಟು ಕೊಡುವುದಿಲ್ಲ ಎಂದು ದೂರಿದ ಪ್ರಸಂಗ ನಿಮಗೆ ತಿಳಿದೇ ಇದೆ. ತನಗೂ ಮಕ್ಕಳಿಗೂ ವಾಡಿಕೆಯಂತೆ ಸಾಕಾಗುವಷ್ಟನ್ನು ಅವನ ಸಂಪತ್ತಿನಿಂದ ತೆಗೆದುಕೊಳ್ಳಲು ಪ್ರವಾದಿಯವರು(ಸ) ಅನುಮತಿಸಿದರು. ಕೇಳಿದ್ದಕ್ಕಾಗಿ ಆಕೆಯನ್ನು ಗದರಿಸಲಿಲ್ಲ. "ಮನೆಯ ಮಾತನ್ನು ಹೊರಗೆ ಏಕೆ ತಂದೆ?" ಎನ್ನಲಿಲ್ಲ. ಆದರೆ "ವಾಡಿಕೆಯಂತೆ" ಎಂಬ ಮಿತಿಯನ್ನೂ ಹಾಕಿದರು. ಕೇಳುವ ಹಕ್ಕೂ ಇದೆ, ಅತಿಯಾಗಿ ಕೇಳಬಾರದೆಂಬ ಕಟ್ಟಳೆಯೂ ಇದೆ.

ಇಲ್ಲಿ ನಾವು ತಾಯಂದಿರು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಮಗಳ ಗಂಡನ ಸಂಪಾದನೆಯನ್ನು ಬೆರಳು ಮಡಚಿ ಎಣಿಸುವ ನಾವು, ಮಗನ ಸಂಪಾದನೆಯ ಮಾತು ಬಂದಾಗ "ಅವನಿಗೆಲ್ಲಿ ದುಡಿಮೆ?" ಎನ್ನುತ್ತೇವೆ. ಅಂಗಡಿಯನ್ನು ತಮ್ಮನ ಹೆಸರಿಗೆ, ಗಾಡಿಯನ್ನು ತಾಯಿಯ ಹೆಸರಿಗೆ ಮಾಡಿಸುವ ಸಲಹೆ ಎಷ್ಟೋ ಮನೆಗಳಲ್ಲಿ ಹೆಂಗಸರ ಬಾಯಿಂದಲೇ ಬರುತ್ತದೆ. ಅಳೆದು ಕೊಳ್ಳುವಾಗ ಪೂರ್ತಿ, ಅಳೆದು ಕೊಡುವಾಗ ಕೊರತೆ ಮಾಡುವವರ ಗತಿಯೇನೆಂದು ಅಲ್‌ಮುತಫ್ಫಿಫೀನ್ ಅಧ್ಯಾಯ ಎಚ್ಚರಿಸಿಲ್ಲವೇ? ಕೊರತೆ ಬೀಳುವುದು ನಮ್ಮದೇ ಮೊಮ್ಮಗುವಿನ ತಟ್ಟೆಗೆ ಎಂಬುದನ್ನು ಮರೆಯಬಾರದು.

ನೀವು ಮಾಡಬಹುದಾದದ್ದು

ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ, ಆದಾಯದ ಆಧಾರದ ಮೇಲೆ ಮಗುವಿನ ಖರ್ಚು ಕೊಡುವವರು ತಮ್ಮ ಹೊಸ ಆದಾಯದ ವಿವರವನ್ನು ವರ್ಷಕ್ಕೊಮ್ಮೆ ಇನ್ನೊಬ್ಬರಿಗೆ ಒದಗಿಸಬೇಕೆಂಬ ನಿಯಮವಿದೆ. ನಮ್ಮಲ್ಲಿ ಅಂತಹ ವಾರ್ಷಿಕ ಏರ್ಪಾಡಿಲ್ಲ. ಆದ್ದರಿಂದ ನಾವೇ ಎಚ್ಚರದಿಂದಿರಬೇಕು. ಕೆಲವು ಮಾತುಗಳನ್ನು ನೆನಪಿಡಿ.

ಆದೇಶದ ದೃಢೀಕೃತ ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳಿ. ಹಣ ಕೊಡುವುದೂ ಪಡೆಯುವುದೂ ಬ್ಯಾಂಕ್ ಖಾತೆಯ ಮೂಲಕವೇ ಆಗಲಿ. ಭಾವನ ಕೈಯಲ್ಲಿ, ಬಾಮೈದನ ಕೈಯಲ್ಲಿ ಕೊಟ್ಟ ಹಣಕ್ಕೆ ನಾಳೆ ಸಾಕ್ಷಿ ಇರುವುದಿಲ್ಲ. ಶಾಲೆಯ ಫೀಸು, ಆಸ್ಪತ್ರೆಯ ಬಿಲ್ಲು, ಬಾಡಿಗೆಯ ಚೀಟಿಗಳನ್ನು ಒಂದು ಚೀಲದಲ್ಲಿ ಕೂಡಿಡಿ. ವರ್ಷಕ್ಕೊಮ್ಮೆ ಖರ್ಚಿನ ಪಟ್ಟಿ ಬರೆಯಿರಿ. ಆದಾಯ ಏರಿದ ಸುದ್ದಿ ಬಂದರೆ ಜಗಳಕ್ಕೆ ಹೋಗಬೇಡಿ. ಗಾಡಿಯ ನಂಬರು, ಜಮೀನಿನ ಪಹಣಿ, ಕೆಲಸದ ಸ್ಥಳ ಇಂತಹ ಗಟ್ಟಿ ವಿವರವನ್ನು ವಕೀಲರಿಗೆ ಕೊಡಿ.

ಮೊತ್ತ ಬದಲಿಸುವ ಅರ್ಜಿಯನ್ನು ಸಾಮಾನ್ಯವಾಗಿ ಆದೇಶ ಕೊಟ್ಟ ನ್ಯಾಯಾಲಯದಲ್ಲೇ ಹಾಕುತ್ತಾರೆ. ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ ಅಥವಾ 15100 ಸಂಖ್ಯೆಗೆ ಫೋನ್ ಮಾಡಿ.

ಜಮಾಅತ್‌ನ ಹಿರಿಯರ ಮುಂದೆ ರಾಜಿಯಾಗುವುದಾದರೆ ಒಳ್ಳೆಯದೇ. ಆದರೆ ಬರಹದಲ್ಲಿರಲಿ, ಅದನ್ನು ನ್ಯಾಯಾಲಯದ ಮುಂದಿಟ್ಟು ಆದೇಶವಾಗಿ ಮಾಡಿಸಿಕೊಳ್ಳಿ. ಮೊತ್ತ ಕಾಲಕಾಲಕ್ಕೆ ಇಷ್ಟು ಹೆಚ್ಚಬೇಕು ಎಂದೂ ಅದರಲ್ಲೇ ಬರೆಸಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ತಿಂಗಳಿಗೆ 50,000 ರೂಪಾಯಿ ನಿಗದಿ ಮಾಡಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಹೆಚ್ಚಿಸಬೇಕು ಎಂದಿತು. ಆ ದೊಡ್ಡ ಮೊತ್ತ ನಮ್ಮದಲ್ಲದಿರಬಹುದು, ಆ ಉಪಾಯ ನಮ್ಮದೂ ಆಗಬಹುದು. ಇಡುಗಂಟು ಪಡೆದು ಮುಗಿಸಿಕೊಳ್ಳಿ ಎಂದು ಯಾರಾದರೂ ಅವಸರಪಡಿಸಿದರೆ, ಮಗುವಿಗೆ ಹದಿನೆಂಟು ತುಂಬಲು ಇನ್ನೆಷ್ಟು ವರ್ಷವಿದೆ ಎಂದು ಎಣಿಸಿದ ಮೇಲೆ ಉತ್ತರ ಕೊಡಿ.

ದಾಂಪತ್ಯ ಮುರಿದರೂ ಗಂಡ ಹೆಂಡತಿಯ ನಡುವೆ ಒಂದು ಅಮಾನತ್ ಉಳಿದಿರುತ್ತದೆ. ಅದು ಮಗು. ಅದರ ಪಾಲಿನ ಅನ್ನದ ಲೆಕ್ಕದಲ್ಲಿ ಇಬ್ಬರೂ ಸತ್ಯವನ್ನೇ ಹೇಳಬೇಕು. ಕಡಿಮೆಯಾದರೆ ಕಡಿಮೆಯಾಯಿತು ಎನ್ನಿ, ಹೆಚ್ಚಾದರೆ ಹೆಚ್ಚಾಯಿತು ಎನ್ನಿ. ಈ ಪುಟವನ್ನು ಓದಿ ಮಡಚಿಡುವ ಮುನ್ನ ನಿಮ್ಮ ಮನೆಯ ಗಂಡುಮಕ್ಕಳ ಕೈಗೂ ಕೊಡಿ. ಅಲ್ಲಾಹನು ನಮ್ಮೆಲ್ಲರ ಲೆಕ್ಕವನ್ನು ಹಗುರಗೊಳಿಸಲಿ, ಆಮೀನ್.